ಕಂಬಳಿ ಹೊದ್ದ ಹರಳು

ಲ್ಯಾಬಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಕೂಡ್ಲಿಗಿಯ ನಮ್ಮ ಕಾಲೇಜಿಗೆ ಒಮ್ಮೆ ಬರಬೇಕು. ನಾನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಲೇ ಪಿಎಚ್‌ಡಿಗೂ ಗಂಟುಬಿದ್ದವಳು. ಹರಳಿನ ಮೇಲೆ ಲೇಸರ್ ಬಿಟ್ಟು, ಚದುರಿ ಬರುವ ಬೆಳಕಿನಿಂದ ಅದರ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂದು ಅಳೆಯುವುದು. ಅದೇ ಕಂಪನವನ್ನು ಕಂಪ್ಯೂಟರಿನಲ್ಲಿ ಮೂಲ ನಿಯಮಗಳಿಂದಲೇ ಲೆಕ್ಕ ಹಾಕುವುದು. ಎರಡೂ ತಾಳೆಯಾಗಬೇಕು. "ಈ ಸೆಮಿಸ್ಟರ್ ಮುಗಿಯೋದ್ರೊಳಗ ಆಗ್ಲಿಲ್ಲ ಅಂದ್ರ ಈ ವಿಷಯಾನ ಬಿಟ್ಟುಬಿಡವಾ" ಎಂದು ಹಡಗಲಿ ಕಡೆಯ ನನ್ನ ಗೈಡ್ ಹೇಳಿಬಿಟ್ಟಿದ್ದರು. ಬಿಡುವ ಮಾತೇ ಇರಲಿಲ್ಲ.

೧. ಗದ್ದುಗೆ

ಚದುರಿದ ಬೆಳಕು ತೀರಾ ಮಂಕು. ಕಿಟಕಿಯ ಬಿಸಿಲು ನುಗ್ಗಿದರೆ ಕೆಲಸ ಕೆಟ್ಟಿತು. ಕುರಿ ಸಾಕುವ ಅಪ್ಪನ ಕರಿ ಕಂಬಳಿ ತಂದು ಅಳೆಯುವ ಯಂತ್ರಕ್ಕೆ ಹೊದಿಸಿದೆ. ಮರುದಿನ ಅಟೆಂಡರ್ ಚಪ್ಪಲಿ ಹೊರಗೆ ಬಿಟ್ಟು, ಕಾಯಿ ಹಿಡಿದು ನಿಂತಿದ್ದ.

"ಅದು ಮಷಿನ್ ಐತೋ!"

"ಇರ್ಲಿ ಬಿಡ್ರಿ ಮೇಡಂ, ಕಂಬಳಿ ಹೊಚ್ಚೀರಿ, ಒಳಗ ಬೆಳಕೂ ಐತಿ. ಗದ್ದುಗಿಗೆ ಇನ್ನೇನು ಬೇಕು?"

ಕಾಯಿ ಒಡೆಯುವುದನ್ನು ತಡೆದೆ. ಚಪ್ಪಲಿ ಬಿಡುವುದನ್ನು ತಡೆಯಲಿಲ್ಲ. ಲ್ಯಾಬಿನ ಧೂಳು ಅರ್ಧ ಕಡಿಮೆಯಾಯಿತು.

೨. ಅವ್ವನ ಕಾವಲು

ಲೆಕ್ಕ ಮನೆಯ ಕಂಪ್ಯೂಟರಿನಲ್ಲಿ ಎಂಟು ದಿನ ಓಡಬೇಕು. ಏಳನೇ ದಿನ ಅವ್ವ ಕಂಪ್ಯೂಟರನ್ನೇ ಆರಿಸಿಬಿಟ್ಟಳು. "ಮುಂದ ಯಾರೂ ಕುಂತಿದ್ದಿಲ್ಲ, ಸುಮ್ನ ಉರೀತಿತ್ತು." ಅಳು ಬಂತು. ಕಣ್ಣೊರೆಸಿಕೊಂಡು ಮೊದಲಿಂದ ಹಚ್ಚಿ, "ಯಾರು ಬಂದ್ರೂ ಮುಟ್ಟಗೊಡಬ್ಯಾಡ" ಎಂದೆ. ಈ ಸಲ ಲೆಕ್ಕ ಮುಗಿಯಿತು. ನೋಡೋಣವೆಂದು ಕೈ ಚಾಚಿದರೆ ಕೈಗೇ ಏಟು ಬಿತ್ತು. "ಯಾರೂ ಮುಟ್ಟಬಾರ್ದು ಅಂತ ನೀನ ಹೇಳಿದ್ದಿ!"

೩. ಹಳದಿ

ಲೆಕ್ಕದ ಪ್ರಕಾರ ನಕ್ಷೆಯಲ್ಲಿ ಒಂದು ಪುಟ್ಟ ಶಿಖರ ಕಾಣಬೇಕು. ಅಳತೆಯಲ್ಲಿ ಬರುತ್ತಿದ್ದುದು ಬರೀ ದಪ್ಪ ಗುಡ್ಡ; ಶಿಖರ ಅದರಲ್ಲಿ ಮುಳುಗಿಹೋಗಿತ್ತು. ವಾರದಿಂದ ವಾರಕ್ಕೆ ಗುಡ್ಡ ಬೆಳೆಯಿತು. ಕೊನೆಗೆ ಹರಳನ್ನೇ ಭೂತಗನ್ನಡಿಯಲ್ಲಿ ನೋಡಿದೆ. ಹಳದಿ ಪುಡಿ! ಸಂತೆಗೆ ಬಂದಾಗಲೆಲ್ಲ ಲ್ಯಾಬಿಗೆ ಇಣುಕುವ ಅಪ್ಪ ಮೈಲಾರಲಿಂಗನ ಭಂಡಾರ, ಅಂದರೆ ಪ್ರಸಾದದ ಅರಿಶಿಣ, ಹರಳಿಗೆ ಹಚ್ಚಿ ಹೋಗುತ್ತಿದ್ದ. ಲೇಸರ್ ಬಿದ್ದರೆ ಅರಿಶಿಣ ತಾನೂ ಹೊಳೆಯುತ್ತದೆ; ಆ ಹೊಳಪೇ ಗುಡ್ಡ.

"ನಿನ್ ಮಾರಿ ಬಾಡಿತ್ತವ್ವಾ, ಅದಕ್ಕ ವಾರವಾರ ಒಂದೀಟು ಜಾಸ್ತಿ ಹಚ್ಚಿದೆ" ಎಂದ.

ಹರಳು ತೊಳೆದೆ. ಲೆಕ್ಕ ಹೇಳಿದ ಜಾಗದಲ್ಲೇ ಶಿಖರ ಎದ್ದಿತು. ನಾನು ಕುಣಿದೇಬಿಟ್ಟೆ.

ಪರೀಕ್ಷಿಸಲು ಗೈಡ್ ಬಂದರು. ಕತೆ ಕೇಳಿ, ಅವತ್ತೂ ಸಂತೆಗೆಂದು ಬಂದು ಇಣುಕಿದ್ದ ಅಪ್ಪನಿಗೆ ಅರ್ಧ ಗಂಟೆ ವಿಜ್ಞಾನ ಬೋಧಿಸಿ, ಹರಳನ್ನು ತಾವೇ ಯಂತ್ರದಲ್ಲಿಟ್ಟರು. ಮತ್ತೆ ಗುಡ್ಡ! ನಾನು ಅಪ್ಪನನ್ನು ದುರುಗುಟ್ಟಿ ನೋಡಿದೆ. "ಮೈಲಾರಪ್ಪನಾಣಿ, ನಾ ಮುಟ್ಟಿಲ್ಲ" ಎಂದ. ಗೈಡ್ ಮೆಲ್ಲಗೆ ಕೈ ಹಿಂದೆ ಒಯ್ದರು. ಹೆಬ್ಬೆರಳು ಹಳದಿಯಾಗಿತ್ತು.

"ಬರೋ ಮುಂದ ಮೈಲಾರಕ್ಕ ಹೋಗಿದ್ದೆನವಾ... ನಿನ್ ಶಿಖರ ಕಾಣ್ಲಿ ಅಂತ."

ಅವರ ಕೈಯನ್ನೂ ಹರಳನ್ನೂ ತೊಳೆಸಿ ಮತ್ತೆ ಅಳೆದೆ. ಶಿಖರ ಕಂಡಿತು, ಗೈಡ್ ಸಹಿ ಹಾಕಿದರು. ಅಪ್ಪ ಮಾತ್ರ ಊರಿಗೆಲ್ಲ ಹೇಳಿಕೊಂಡು ಬಂದ: "ನಾ ಹಚ್ಚಿದಾಗ ಬರ್ಲಿಲ್ಲ ನೋಡ್ರಿ. ಅದಕ್ಕೂ ಓದಿದವ್ರ ಹಚ್ಚಬೇಕಂತ!"