ಸ್ಥಳೀಯರು ಉಣ್ಣುವ ಕಡೆ

ನಮ್ಮ ಊರಿನಲ್ಲಿ ನೋಡುವಂಥದ್ದು ಏನೂ ಇಲ್ಲ ಎಂಬುದು ಅಧಿಕೃತವಾಗಿ ದೃಢಪಟ್ಟ ಸಂಗತಿ. ಇದನ್ನು ಪತ್ತೆ ಹಚ್ಚಲು ಸರಕಾರ ತಜ್ಞರ ತಂಡವನ್ನೇ ಕಳಿಸಿತ್ತು. ತಂಡದವರು ಊರೆಲ್ಲ ಸುತ್ತಿ, ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಆಸೆಯಿಂದ ನೋಡಿ, ವರದಿ ಕೊಟ್ಟು ಹೋದರು. ಪಕ್ಕದ ಊರಿಗೆ ಕೋಟೆಯಿದೆ. ಅದರಾಚೆಯ ಊರಿಗೆ ಕೆರೆಯಿದೆ. ಅದಕ್ಕೂ ಆಚೆಯ ಊರಿನಲ್ಲಿ ‘ಹಿಂದೊಮ್ಮೆ ಇಲ್ಲಿ ಕೆರೆಯಿತ್ತು’ ಎಂಬ ಫಲಕವಾದರೂ ಇದೆ. ನಮಗೆ ಅದೂ ಇಲ್ಲ.

ಆದಕಾರಣ ನಗರ ಪ್ರವಾಸಿ ಸತ್ಕಾರ ಸಮಿತಿಯು, ಅದರ ಕಾರ್ಯದರ್ಶಿಯಾದ ನನ್ನ ಸಮಕ್ಷಮದಲ್ಲಿ, ನೋಡುವ ಕೆಲಸವನ್ನೇ ಪ್ರವಾಸದಿಂದ ಕೈಬಿಡಲು ತೀರ್ಮಾನಿಸಿತು. ಬಂದವರು ಉಣ್ಣಲಿ, ಕುಡಿಯಲಿ, ಮಲಗಲಿ. ವಾರದ ಕೊನೆಗೆ ಊರು ಬಿಟ್ಟು ಬರುವವರಿಗೆ ಇದಕ್ಕಿಂತ ಹೆಚ್ಚು ಏನು ಬೇಕು ಎಂದು ಅಧ್ಯಕ್ಷರು ಕೇಳಿದರು. ಅವರು ಈ ಮೂರನ್ನೂ ಕಚೇರಿಯಲ್ಲೇ ಮಾಡುವವರಾದ್ದರಿಂದ ಮಾತಿಗೆ ತೂಕವಿತ್ತು.

ಕೈಪಿಡಿ ಬರೆಯುವ ಹೊಣೆ ನನ್ನ ತಲೆಗೆ ಬಂತು. ಸುಳ್ಳು ಬರೆಯುವುದು ನನ್ನ ಜಾಯಮಾನವಲ್ಲ. ಊರಿಗಿರುವುದು ಒಂದೇ ಲಾಡ್ಜು; ಅದನ್ನು ‘ಆಯ್ಕೆಯ ಗೊಂದಲವಿಲ್ಲದ ವಾಸ್ತವ್ಯ’ ಎಂದು ಬರೆದೆ. ಬಸ್ ನಿಲ್ದಾಣದ ಚಹಾ ಕುಡಿದವರು ಎರಡನೇ ಸಲ ಕೇಳಿದ್ದಿಲ್ಲ. ಅದಕ್ಕೆ ‘ಒಂದೇ ಲೋಟಕ್ಕೆ ಸಾಕೆನಿಸುವ ಚಹಾ’ ಎಂದೆ. ಇನ್ನು ಊಟಕ್ಕೆ ದೊಡ್ಡಕ್ಕನ ಮೆಸ್ಸು. ಬೆರಳೆಣಿಕೆಯ ಮೇಜು, ಒಂದು ಕಿಟಕಿ, ಬಾಗಿಲಲ್ಲಿ ನಿಂತರೆ ಹಸಿವಿಲ್ಲದವನಿಗೂ ಹಸಿವಾಗುವ ವಾಸನೆ. ಇದನ್ನು ಹೇಗೆ ವರ್ಣಿಸುವುದೆಂದು ತೋಚದೆ, ‘ಸ್ಥಳೀಯರು ಉಣ್ಣುವ ಕಡೆ ನೀವೂ ಉಣ್ಣಿ’ ಎಂದು ಒಂದು ಸಾಲು ಗೀಚಿದೆ.

ಆ ಒಂದು ಸಾಲಿಗೆ ಪ್ರವಾಸಿಗಳು ಮುಗಿಬಿದ್ದರು. ತಿಂಗಳೊಳಗೆ ಮೆಸ್ಸಿನ ಮುಂದೆ ಸಾಲು ನಿಂತಿತು. ಮೇಜುಗಳೆಲ್ಲ ಪ್ರವಾಸಿಗಳಿಂದ ತುಂಬಿ, ಸ್ಥಳೀಯರು ಹೊರಗೆ ನಿಂತು ವಾಸನೆ ಕುಡಿದು ಮನೆಗೆ ಹೋಗತೊಡಗಿದರು. ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆ ಶುರುವಾದದ್ದು ಒಬ್ಬ ಪ್ರವಾಸಿ ದೂರು ಕೊಟ್ಟ ಮೇಲೆ. ‘ಇಡೀ ಮೆಸ್ಸಿನಲ್ಲಿ ಒಬ್ಬ ಸ್ಥಳೀಯನೂ ಇರಲಿಲ್ಲ. ನಮಗೆ ಮೋಸವಾಗಿದೆ’ ಎಂದು ಆತ ಬರೆದಿದ್ದ.

ಸಮಿತಿ ಆ ದಿನವೇ ಸಭೆ ಸೇರಿ ನಿಯಮಗಳನ್ನು ಅಂಗೀಕರಿಸಿತು. ಪ್ರತಿ ಮೇಜಿಗೂ ಒಬ್ಬ ಸ್ಥಳೀಯನನ್ನು ಒದಗಿಸತಕ್ಕದ್ದು. ಸ್ಥಳೀಯನು ನೋಡಿದ ಕೂಡಲೇ ಸ್ಥಳೀಯನೆಂದು ತಿಳಿಯುವಂತಿರತಕ್ಕದ್ದು. ಊಟದ ನಡುವೆ ಸಂತೃಪ್ತಿಯ ಶಬ್ದ ಮಾಡತಕ್ಕದ್ದು. ಸಮಿತಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರ ಪಡೆಯದ ಸ್ಥಳೀಯನು ಮೆಸ್ಸಿನೊಳಗೆ ಕಂಡುಬಂದಲ್ಲಿ ಅವನನ್ನು ಊಟದ ಮಧ್ಯದಲ್ಲಾದರೂ ಎಬ್ಬಿಸತಕ್ಕದ್ದು.

“ನನ್ನ ಮೆಸ್ಸಿಗೆ ಯಾರು ಬರಬೇಕು ಅಂತ ನೀವು ಹೇಳ್ತೀರೇನ್ರೀ?” ಎಂದು ದೊಡ್ಡಕ್ಕ ಸೌಟು ಹಿಡಿದುಕೊಂಡೇ ಕಚೇರಿಗೆ ಬಂದರು. ಮೆಸ್ಸು ಈಗ ಅವರದಲ್ಲ, ಊರಿನ ಹೆಮ್ಮೆ ಎಂದು ಅಧ್ಯಕ್ಷರು ವಿನಯದಿಂದ ತಿಳಿಸಿದರು. ಹೆಮ್ಮೆಗೆ ಪಾತ್ರೆ ತೊಳೆಯೋರು ಯಾರು ಎಂಬ ದೊಡ್ಡಕ್ಕನ ಪ್ರಶ್ನೆಯನ್ನು ಮುಂದಿನ ಸಭೆಗೆ ಇಡಲಾಯಿತು.

ಇಲ್ಲಿ ನನ್ನ ಸೋದರಮಾವನ ವಿಷಯ ಹೇಳಬೇಕು. ಅವರು ಮೆಸ್ಸಿನ ಬೀದಿಯ ಒಂದು ತುದಿಯಲ್ಲಿ ಗಡಿಯಾರ ರಿಪೇರಿ ಮಾಡುವವರು. ಅತ್ತೆ ಬೀದಿಯ ಇನ್ನೊಂದು ತುದಿಯಲ್ಲಿ ಬಟ್ಟೆ ಹೊಲಿಯುವವರು. ಹೊಲಿಯುತ್ತೇನೆ, ಅಡುಗೆ ಮಾತ್ರ ಮಾಡುವುದಿಲ್ಲ ಎಂದು ಅತ್ತೆ ಮದುವೆಗೆ ಮುಂಚೆಯೇ ಷರತ್ತು ಹಾಕಿದ್ದರು. ಹಾಗಾಗಿ ಮದುವೆಯಾದಂದಿನಿಂದ ಮಧ್ಯಾಹ್ನ ಅಂಗಡಿ ಮುಚ್ಚಿ, ಇಬ್ಬರೂ ಆಯಾ ತುದಿಯಿಂದ ನಡೆದು ಬಂದು, ದೊಡ್ಡಕ್ಕನ ಕಿಟಕಿ ಪಕ್ಕದ ಮೇಜಿನಲ್ಲಿ ಎದುರುಬದುರು ಕೂತು ಉಣ್ಣುತ್ತಿದ್ದರು. ಮಾವ ತಲೆ ಎತ್ತುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಅತ್ತೆ ಇಬ್ಬರ ಪಾಲಿನದನ್ನೂ ಆಡುತ್ತಿದ್ದರು.

ಇಬ್ಬರೂ ಸ್ಥಳೀಯರ ಪರೀಕ್ಷೆಗೆ ಬಂದರು. ಅತ್ತೆ ಕೋಣೆಗೆ ಕಾಲಿಟ್ಟವರೇ ಪರೀಕ್ಷಕರ ಅಂಗಿಯ ತೋಳನ್ನು ಎಳೆದು, “ಇದನ್ನ ಹೊಲಿದ ಪುಣ್ಯಾತ್ಮ ಯಾರು? ನಿಮ್ಮ ಮೇಲೆ ಏನಾದ್ರೂ ದ್ವೇಷ ಇತ್ತಾ?” ಎಂದು ಕೇಳಿದರು. ಅವರಿಗೆ ಪ್ರಥಮ ದರ್ಜೆ ಸಿಕ್ಕಿತು.

ಮಾವನ ಸರದಿ ಬಂತು.

“ನೀವು ಸ್ಥಳೀಯರು ಅಂತ ಹೇಗೆ ನಂಬೋದು?” ಪರೀಕ್ಷಕರು ಕೇಳಿದರು.

“ಇಲ್ಲೇ ಹುಟ್ಟಿದ್ದು.”

“ಅದು ಊಟ ಮಾಡ್ತಿರೋರಿಗೆ ಕಾಣಲ್ಲ. ಏನಾದ್ರೂ ಮಾಡಿ ತೋರಿಸಿ.”

“ಏನು ಮಾಡ್ಲಿ?”

“ಸ್ಥಳೀಯರು ಮಾಡೋದನ್ನ.”

ಮಾವ ಸುಮ್ಮನೆ ಕೂತರು. ವಾಸ್ತವದಲ್ಲಿ ನಮ್ಮ ಊರಿನ ಜನ ಮಾಡುವುದು ಅದನ್ನೇ. ಆದರೆ ನಿಯಮದಲ್ಲಿ ಅದಕ್ಕೆ ಅಂಕವಿರಲಿಲ್ಲ. ‘ಅಭ್ಯರ್ಥಿಯು ಎಲ್ಲಿಯವನಾದರೂ ಆಗಿರಬಹುದು’ ಎಂಬ ಷರಾದೊಂದಿಗೆ ಅವರನ್ನು ಅನುತ್ತೀರ್ಣಗೊಳಿಸಲಾಯಿತು.

ಮರುದಿನ ಮಾವ ಕಚೇರಿಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಅಳಿಯ ಮನೆ ತೊಳಿಯ ಅಂತಾರಲ್ಲ, ನೀನು ಊರನ್ನೇ ತೊಳೆದೆಯಲ್ಲೋ. ನಿನ್ನೆ ಅವಳು ಒಳಗೆ ಉಂಡಳು. ನಾನು ಅಂಗಡಿಯಲ್ಲಿ ಬ್ರೆಡ್ ತಿಂದೆ. ಗಂಟಲಲ್ಲಿ ಇಳೀಲಿಲ್ಲ ಕಣೋ.”

“ಬ್ರೆಡ್ ಒಣಗಿತ್ತೇನೋ ಮಾವ.”

“ಬ್ರೆಡ್ ಚೆನ್ನಾಗೇ ಇತ್ತು. ಎದುರಿಗೆ ಅವಳಿರಲಿಲ್ಲ.”

ಅವರ ಬಾಯಲ್ಲಿ ಇಷ್ಟು ಉದ್ದದ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಹಾಗಂತ ನಿಯಮ ಸಡಿಲಿಸಲು ಬರುವುದಿಲ್ಲ. ಹೊಸದಾದ್ದರಿಂದ ಅದು ನಿಯಮ ಮಾಡಿದವರಿಗೂ ಇನ್ನೂ ನೆನಪಿತ್ತು. ನಿಯಮಾವಳಿಯನ್ನು ತಿರುವಿ ಹಾಕಿದಾಗ ದಾರಿ ಸಿಕ್ಕಿತು. ಮಾವ ಸ್ಥಳೀಯರಾಗಿ ಮೆಸ್ಸಿಗೆ ಹೋಗುವಂತಿರಲಿಲ್ಲ, ನಿಜ. ಪ್ರವಾಸಿಯಾಗಿ ಹೋಗಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ.

ಪ್ರವಾಸಿ ಎನಿಸಿಕೊಳ್ಳಲು ಮೂರೇ ಷರತ್ತು. ಬಸ್ಸಿನಲ್ಲಿ ಬಂದಿಳಿಯಬೇಕು. ಕೈಯಲ್ಲಿ ಚೀಲವಿರಬೇಕು. ಲಾಡ್ಜಿನಲ್ಲಿ ತಂಗಬೇಕು. ಮಾವ ಬೆಳಗಿನ ಬಸ್ಸು ಹತ್ತಿ, ಊರ ಹೊರಗಿನ ನಿಲ್ದಾಣದಲ್ಲಿ ಇಳಿದು, ಎದುರಿನಿಂದ ಬಂದ ಬಸ್ಸಿನಲ್ಲಿ ನಮ್ಮ ಊರಿಗೆ ಆಗಮಿಸಿದರು. ಸಮಿತಿಯ ಪರವಾಗಿ ನಾನೇ ಹೋಗಿ ಸ್ವಾಗತಿಸಿದೆ. ಒಂದು ಲೋಟ ಚಹಾ ಕುಡಿಸಿದೆ, ಸಾಕು ಎಂದರು. ಲಾಡ್ಜು ಅವರ ಮನೆಯ ಎದುರಿಗೇ ಇತ್ತು. ಕೋಣೆಯ ಕಿಟಕಿಯಿಂದ ಅವರಿಗೆ ಅವರ ಮನೆಯ ಬಾಗಿಲು, ತಂತಿಯ ಮೇಲೆ ಒಣಗುತ್ತಿದ್ದ ಅವರದೇ ಪಂಚೆ ಕಾಣುತ್ತಿದ್ದವು. ಲಾಡ್ಜಿನ ಮ್ಯಾನೇಜರು ಅದನ್ನು ಬೆರಳು ಮಾಡಿ ತೋರಿಸಿ, “ಇದು ಇಲ್ಲಿನ ಜನಜೀವನ ಸಾರ್” ಎಂದು ವಿವರಿಸಿದರು.

ಮಧ್ಯಾಹ್ನ ಮಾವ ಸಾಲಿನಲ್ಲಿ ನಿಂತು, ಪ್ರವಾಸಿಗಳ ಜೊತೆ ಮೆಸ್ಸಿನೊಳಗೆ ಹೋದರು. ಮೇಲ್ವಿಚಾರಣೆಗೆಂದು ನಾನೂ ಬಾಗಿಲ ಬಳಿ ನಿಂತೆ. ಕಿಟಕಿ ಪಕ್ಕದ ಮೇಜಿನಲ್ಲಿ ಪ್ರಥಮ ದರ್ಜೆ ಸ್ಥಳೀಯರಾದ ಅತ್ತೆ ಕೂತಿದ್ದರು. ಪ್ರವಾಸಿಯೊಡನೆ ಪರಿಚಯವಿದ್ದಂತೆ ವರ್ತಿಸಿದರೆ ಸ್ಥಳೀಯರ ಪ್ರಮಾಣಪತ್ರ ರದ್ದಾಗುತ್ತದೆ ಎಂದು ಅವರಿಗೆ ಮೊದಲೇ ತಿಳಿಸಿದ್ದೆ.

“ಇಲ್ಲಿ ಕೂರಬಹುದಾ?” ಎಂದರು ಮಾವ. “ನಿಮಗೆ ತೊಂದರೆ ಇಲ್ಲ ತಾನೆ?”

ಮದುವೆಯಾದ ಮೇಲೆ ಅವರು ಅತ್ತೆಯನ್ನು ‘ನೀವು’ ಎಂದದ್ದು ಅದೇ ಮೊದಲು. ಅತ್ತೆ ಸೆರಗು ಸರಿಮಾಡಿಕೊಂಡರು.

“ಕೂತ್ಕೊಳ್ಳಿ. ಯಾವ ಊರಿನ ಕಡೆಯೋರು?”

“ಇಲ್ಲೇ... ಹತ್ತಿರದೋನು.”

“ಏನು ಕೆಲಸ?”

“ಗಡಿಯಾರ ರಿಪೇರಿ.”

“ಮದುವೆ ಆಗಿದೆಯಾ?”

ಮಾವ ತಲೆ ಎತ್ತಿದರು. ಊಟದ ನಡುವೆ ಅವರು ತಲೆ ಎತ್ತಿದ್ದನ್ನು ಕಂಡು ಬಡಿಸುತ್ತಿದ್ದ ದೊಡ್ಡಕ್ಕನೇ ನಿಂತುಬಿಟ್ಟರು.

“ಆಗಿದೆ. ಅವಳೂ ನಿಮ್ಮ ಹಾಗೇ, ಮಾತು ಜಾಸ್ತಿ. ಅಂಗಡೀಲಿ ಬರೀ ಟಿಕ್ ಟಿಕ್ ಕೇಳಿ ಕೇಳಿ ಸಾಕಾಗಿರುತ್ತೆ ನೋಡಿ, ಮಧ್ಯಾಹ್ನ ಅವಳ ಮಾತು ಕಿವಿಗೆ ಬಿದ್ದರೇನೇ ಅನ್ನ ರುಚಿ.”

“ಅದನ್ನ ಅವಳಿಗೆ ಯಾವತ್ತಾದ್ರೂ ಹೇಳಿದ್ದೀರಾ?”

“ಹೇಳಬೇಕು ಅಂತ ಗೊತ್ತಾಗ್ಲಿಲ್ಲ.”

ಅತ್ತೆ ತಮ್ಮ ಪಾಲಿನ ಮೊಟ್ಟೆಯನ್ನು ಎತ್ತಿ ಮಾವನ ತಟ್ಟೆಗೆ ಹಾಕಿದರು. ಪಕ್ಕದ ಮೇಜಿನವರು ಇದು ಇಲ್ಲಿನ ಪದ್ಧತಿಯೆಂದು ತಿಳಿದು ಫೋಟೋ ತೆಗೆದುಕೊಂಡರು. ಮರುವಾರದಿಂದ ಮೊಟ್ಟೆ ದಾಟಿಸುವುದನ್ನು ಎಲ್ಲ ಸ್ಥಳೀಯರಿಗೂ ಕಡ್ಡಾಯ ಮಾಡಲಾಯಿತು.

ಮಾವ ಈಗ ದಿನವೂ ಬಸ್ಸಿನಲ್ಲಿ ಬರುತ್ತಾರೆ. ಆದರೂ ಸ್ವಂತ ಮಾವನನ್ನು ಮನೆಯೆದುರಿನ ಲಾಡ್ಜಿನಲ್ಲಿ ಮಲಗಿಸುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಅಧ್ಯಕ್ಷರ ಕೈಕಾಲು ಹಿಡಿದು, ಮಾವನನ್ನು ಮರುಪರೀಕ್ಷೆಯಿಲ್ಲದೆ ಸ್ಥಳೀಯರೆಂದು ಘೋಷಿಸುವ ಆದೇಶ ಮಾಡಿಸಿಕೊಂಡು ಅತ್ತೆಯ ಅಂಗಡಿಗೆ ಓಡಿದೆ.

ಅತ್ತೆ ಹೊಲಿಗೆ ಯಂತ್ರ ನಿಲ್ಲಿಸಿ ಆದೇಶವನ್ನು ಓದಿದರು. ಮಡಚಿ ನನ್ನ ಕೈಗೇ ಕೊಟ್ಟರು.

“ಬೇಡಪ್ಪ. ಮನೇಲಿದ್ದ ಗಂಡ ಬಾಯಿ ಬಿಡ್ತಿರಲಿಲ್ಲ. ಇವರು ಮಾತಾಡ್ತಾರೆ. ಇನ್ನೊಂದಷ್ಟು ದಿನ ಪ್ರವಾಸಿ ಆಗೇ ಇರ್ಲಿ.”

ಈ ಹೇಳಿಕೆಯನ್ನು ಸಮಿತಿ ಕೂಲಂಕಷವಾಗಿ ಪರಿಶೀಲಿಸಿ ಪ್ರಕಟಣೆ ಹೊರಡಿಸಿತು: ‘ಊರಿನ ವಿವಾಹಿತ ಪುರುಷರು ತಮ್ಮದೇ ಊರಿಗೆ ಪ್ರವಾಸ ಬರಲು ಇನ್ನು ಮುಂದೆ ಅಭ್ಯಂತರವಿಲ್ಲ. ಅರ್ಜಿಯನ್ನು ಹೆಂಡತಿಯರೇ ಸಲ್ಲಿಸತಕ್ಕದ್ದು.’ ಮಧ್ಯಾಹ್ನದೊಳಗೆ ಲಾಡ್ಜಿನ ಕೋಣೆಗಳೆಲ್ಲ ಭರ್ತಿಯಾದವು. ಬೆಳಗಿನ ಬಸ್ಸಿಗೆ ಇನ್ನೊಂದು ಬಸ್ಸು ಜೋಡಿಸಿದ್ದಾರೆ. ಮೊದಲ ದಿನ ಅಧ್ಯಕ್ಷರೇ ಕಿಟಕಿ ಪಕ್ಕದ ಸೀಟು ಹಿಡಿದು ಹೊರಟರು. ಊರಿನಲ್ಲಿ ನೋಡುವಂಥದ್ದು ಏನಿದೆ ಎಂದು ಈಗ ಯಾರೂ ಕೇಳುವುದಿಲ್ಲ.

ನಾನು ನಾಳೆ ಹೊರಡುತ್ತೇನೆ. ಹೋಗುವ ವಿಚಾರ ನಾನಿನ್ನೂ ಮನೆಯಲ್ಲಿ ಎತ್ತಿರಲೇ ಇಲ್ಲ. ಸಂಜೆ ಬಂದು ನೋಡಿದರೆ, ಹೆಂಡತಿ ನನ್ನ ಚೀಲ ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದಳು.