ಒಂದು ಪೆಟ್ಟಿಗೆ, ಮೂರು ರ‍್ಯಾಮ್

ಅಂಗಡಿಯವನು ಜೋಡಿಸಿಕೊಟ್ಟರೆ ಅದು ಅಂಗಡಿಯವನ ಕಂಪ್ಯೂಟರ್ ಆಗುತ್ತದೆ ಎಂಬುದು ನಕ್ಷೆಗಾರನ ವಾದ. ಅದಕ್ಕೇ ಬಿಡಿಭಾಗಗಳನ್ನು ತಂದು, ಊಟದ ಮೇಜಿನ ತುಂಬ ಹರಡಿ, ಎರಡು ದಿನ ಹೆಂಡತಿಯ ಬೈಗುಳ ತಿಂದು ತಾನೇ ಜೋಡಿಸಿದ. ಯಂತ್ರ ಶುರುವೂ ಆಯಿತು. ಆದರೆ ಆಸ್ಪತ್ರೆ ಕಟ್ಟಡದ ನಕ್ಷೆ ತೆರೆದದ್ದೇ ತಡ, ಪರದೆ ಕಲ್ಲಾಗಿ ಕೂತಿತು.

"ಸಂಜೆ ಐದರೊಳಗೆ ನಕ್ಷೆ ಕಳಿಸ್ಬೇಕು. ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ," ಎಂದು ಸಾಹೇಬರು ಬೆಳಗ್ಗೆಯೇ ಫೋನಿನಲ್ಲಿ ಹೇಳಿದ್ದರು. ಆಗಲೇ ಗಂಟೆ ಒಂದು.

"ರ‍್ಯಾಮ್ ಸಾಲದು," ಎಂದು ಕಿಟಕಿಯಿಂದಲೇ ತೀರ್ಪು ಕೊಟ್ಟರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. "ಒಂದೇನಾ ಹಾಕಿರೋದು? ನನ್ನದರಲ್ಲಿರೋದನ್ನ ಕಿತ್ತು ತರ್ತೀನಿ. ಸಂಜೆ ವಾಪಸ್ ಕೊಟ್ರಾಯ್ತು."

ಬಾಚಣಿಗೆಯಷ್ಟುದ್ದದ ಹಸಿರು ಪಟ್ಟಿ ಬಂತು. ನಕ್ಷೆಗಾರ ಅದರ ಹೊಳೆಯುವ ಅಂಚನ್ನು ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ, ತನ್ನದರ ಪಕ್ಕಕ್ಕೆ ಸಿಕ್ಕಿಸಿ ಗುಂಡಿ ಒತ್ತಿದ. ಕಂಪ್ಯೂಟರ್ ಮೂರು ಸಲ ಪೀಂ ಎಂದು ಸುಮ್ಮನಾಯಿತು.

ಅಷ್ಟರಲ್ಲಿ ಹೆಂಡತಿಯ ತಮ್ಮ ಹಾಜರು. ಅರ್ಧ ತಿಳಿದದ್ದನ್ನು ಪೂರ್ತಿ ದನಿಯಲ್ಲಿ ಹೇಳುವ ಆಸಾಮಿ. "ಭಾವ, ಮುದುಕರ ರ‍್ಯಾಮ್ ಯಾಕೆ ಹಾಕ್ತೀರಿ? ಇರಿ, ನಂದು ತರ್ತೀನಿ."

ಮೇಷ್ಟ್ರದನ್ನು ತೆಗೆದು ಅವನದನ್ನು ಹಾಕಿದಾಗಲೂ ಅದೇ ಮೂರು ಪೀಂ. ಮೇಷ್ಟ್ರ ಮುಖ ಅರಳಿತು.

"ನೋಡಿದ್ಯಾ? ನಿಂದೇ ಕೆಟ್ಟಿದೆ."

"ನಿನ್ನೆವರೆಗೂ ಚೆನ್ನಾಗೇ ಓಡ್ತಿತ್ತು! ನಿಮ್ಮದರ ಜೊತೆ ಒಂದೇ ಮೇಜಿನ ಮೇಲಿಟ್ಟಿದ್ದಕ್ಕೇ ಹೀಗಾಗಿರೋದು."

ಮೂರನ್ನೂ ಹಾಕಿ ನೋಡಿದರು. ಒಂದೇ ಅಡುಗೆಮನೆಗೆ ಬಿದ್ದ ಮೂವರು ಓರಗಿತ್ತಿಯರಂತೆ ಒಂದಕ್ಕೊಂದು ಆಗಿಬರಲಿಲ್ಲ. ಗಂಟೆ ನಾಲ್ಕಾಯಿತು. ಮೇಷ್ಟ್ರೂ ಭಾವಮೈದುನನೂ ಕಚ್ಚಾಡುತ್ತಲೇ ಇದ್ದರು. ಕೆಲಸ ಹೋದರೆ ಮುಂದೇನು ಗತಿ ಎಂದು ನಕ್ಷೆಗಾರನಿಗೆ ನಿಜಕ್ಕೂ ಭಯವಾಯಿತು.

"ನಿಮ್ಮದನ್ನೇ ಒಮ್ಮೆ ತೆಗೆದು ನೋಡ್ಬಾರ್ದಾ?" ಎಂದಳು ಹೆಂಡತಿ.

ಮೂವರೂ ನಕ್ಕರು. "ಅದು ಹೊಸದು ಕಣೇ! ಮೊನ್ನೆ ತಾನೇ ಡಬ್ಬಿ ಒಡೆದಿದ್ದು."

ನಾಲ್ಕೂವರೆಗೆ, ಬೇರೆ ದಾರಿ ಕಾಣದೆ, ತನ್ನ ಹೊಸ ರ‍್ಯಾಮನ್ನು ಕಿತ್ತ. ಎರವಲಿನ ಎರಡೇ ಉಳಿದವು. ಗುಂಡಿ ಒತ್ತಿದರೆ ಒಂದೂ ಪೀಂ ಇಲ್ಲ! ನಕ್ಷೆ ಸರಾಗವಾಗಿ ತೆರೆದುಕೊಂಡಿತು. ಬಾಕಿ ಗೆರೆಗಳನ್ನೆಳೆದು, 'ಸ್ವಂತ ಕೈಯಿಂದ ಜೋಡಿಸಿದ ಅತಿ ವೇಗದ ಕಂಪ್ಯೂಟರಿನಲ್ಲಿ ಮುಗಿಸಿದ್ದು' ಎಂದು ಕೆಳಗೊಂದು ಸಾಲು ಸೇರಿಸಿ, ಐದಕ್ಕೆ ಎರಡು ನಿಮಿಷ ಇರುವಾಗ ಕಳಿಸಿಯೇಬಿಟ್ಟ. ಸಂತೋಷಕ್ಕೆ ಭಾವಮೈದುನನನ್ನೇ ತಬ್ಬಿಕೊಂಡ.

ಮೇಷ್ಟ್ರು ಯಂತ್ರ ನಿಲ್ಲಿಸಿ, ಎರಡೂ ಪಟ್ಟಿಗಳನ್ನು ಕಿತ್ತು, ಕನ್ನಡಕ ಏರಿಸಿ ಅಕ್ಕಪಕ್ಕ ಹಿಡಿದು ನೋಡಿದರು. "ಅಯ್ಯೋ, ಒಂದೇ ಕಂಪನಿ, ಒಂದೇ ವೇಗ! ಒಡಹುಟ್ಟಿದವು ಕಣಯ್ಯಾ ಇವು. ಇನ್ನು ಅಗಲಿಸೋದು ಬೇಡ."

"ಹಾಗಾದ್ರೆ ಎರಡೂ ನಿಮ್ಮ ಕಂಪ್ಯೂಟರಿಗೇ ಹಾಕೋಣ ಸರ್. ನಾನು ದಿನಾ ಸಂಜೆ ಬಂದು ಆಟ ಆಡ್ಕೋತೀನಿ," ಎಂದ ಭಾವಮೈದುನ.

ಮಧ್ಯಾಹ್ನವೆಲ್ಲ ಹಾವು ಮುಂಗುಸಿಯಂತಿದ್ದವರು ಹೆಗಲ ಮೇಲೆ ಕೈಹಾಕಿಕೊಂಡು ಹೊರಟೇಹೋದರು.

ಫೋನ್ ಬಂತು. ಸಾಹೇಬರು. "ಭೇಷ್ ಕಣ್ರೀ! ಅಂಥ ಕಂಪ್ಯೂಟರ್ ನಮ್ಮ ಆಫೀಸಲ್ಲೂ ಇಲ್ಲ. ಇದಕ್ಕಿಂತ ಮೂರು ಪಟ್ಟು ದೊಡ್ಡ ನಕ್ಷೆಯೊಂದನ್ನ ನಿಮಗೇ ಅಂತ ತೆಗೆದಿಟ್ಟು ಕಳಿಸಿದೀನಿ. ನಾಳೆ ಬೆಳಗ್ಗೆ ಹತ್ತಕ್ಕೆ ಬೇಕು."

"ಏನಂದ್ರು?" ಎಂದು ಕೇಳಿದಳು ಹೆಂಡತಿ.

"ತುಂಬ ಹೊಗಳಿದ್ರು," ಎಂದು ನಕ್ಷೆಗಾರ ತಲೆಯ ಮೇಲೆ ಕೈಹೊತ್ತು ಕೂತ.