ಹರಳೆಣ್ಣೆಯಲ್ಲಿ ಬೀಳದ ಗುಂಡು

ಆ ವಸಂತದಲ್ಲಿ ಸ್ತ್ರಾತಿಸ್ ಎರಡು ಶಪಥ ಮಾಡಿದ್ದ. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಇಡೀ ತರಗತಿ ಬಾಯಿಬಿಟ್ಟು ನೋಡುವಂಥ ಪ್ರಯೋಗ ಮಾಡುವುದು. ಅಕ್ಕ ಮಿರ್ಸಿನಿಯ ಕೂಸಿಗೆ ಮಿತಿಲಿನಿ ದ್ವೀಪವೇ ಕಂಡಿರದಂಥ ಜ್ಞಾನಪಿತನಾಗುವುದು! ಎರಡನ್ನೂ ಒಂದೇ ವಾರದಲ್ಲಿ ಮುಗಿಸಲು ಹೊರಟಿದ್ದ, ಪುಣ್ಯಾತ್ಮ.

ಚರ್ಚಿನಲ್ಲಿ ಕೂಸಿಗೆ ಹೆಸರಿಡುವ ಜ್ಞಾನಸ್ನಾನದ ದಿನ ಅದರ ಮೈಗೆಲ್ಲ ಸವರುವ ಆಲಿವ್ ಎಣ್ಣೆ ತರಬೇಕಾದವನು, ಕೂಸಿನ ಹೊಣೆ ಹೊರುವ ಜ್ಞಾನಪಿತನೇ. ಈ ಸಲದ್ದು ಅಂಗಡಿಯ ಎಣ್ಣೆಯಲ್ಲ. ಅಜ್ಜಿ ಎವಾಂಥಿಯಾಗೆ ಮದುವೆಯಲ್ಲಿ ತವರಿನವರು ಬಳುವಳಿಯಾಗಿ ಒಂದು ಆಲಿವ್ ಮರ ಕೊಟ್ಟಿದ್ದರು. ಕಳೆದ ಚಳಿಗಾಲದ ಬಿರುಗಾಳಿಗೆ ಅದು ಬುಡಸಮೇತ ಉರುಳಿತ್ತು. ಅದರ ಕೊನೆಯ ಕಾಯಿಗಳ ಎಣ್ಣೆ, ಹಳೇ ಹಸಿರು ವೈನ್ ಬಾಟಲಿಯೊಂದರಲ್ಲಿ ಮಾತ್ರ ಉಳಿದಿತ್ತು.

"ನನ್ನ ಹೆಸರು ಇಟ್ಕೊಳ್ಳೋ ಕೂಸಿಗೆ ನನ್ನ ಮರದ ಎಣ್ಣೆ. ಜೋಪಾನ ಕಣೋ," ಎಂದು ಅಜ್ಜಿ ಅದನ್ನು ಅವನ ಕೈಗಿತ್ತಳು.

"ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀನಿ ಅಜ್ಜಿ!"

ಅದೇ ವಾರ ಕಾಲೇಜಿನಲ್ಲಿ ದ್ರವಗಳ ಸ್ನಿಗ್ಧತೆ ಅಳೆಯುವ ಪ್ರಯೋಗ. ಉದ್ದನೆಯ ಗಾಜಿನ ಕೊಳವೆಗೆ ದ್ರವ ತುಂಬಿ, ಉಕ್ಕಿನ ಪುಟ್ಟ ಗುಂಡು ಬಿಟ್ಟು, ಅದು ಎಷ್ಟು ನಿಧಾನಕ್ಕೆ ಇಳಿಯುತ್ತದೆ ಎಂದು ನೋಡಬೇಕು. ದ್ರವ ಮಂದವಾದಷ್ಟೂ ಗುಂಡಿಗೆ ಸೋಮಾರಿತನ. ಉಳಿದವರು ಗ್ಲಿಸರಿನ್, ಜೇನು ಎನ್ನುತ್ತಿದ್ದಾಗ ನಮ್ಮ ಮಹಾಶಯ ಔಷಧಿ ಅಂಗಡಿಯಿಂದ ಒಂದು ಡಬ್ಬಿ ತುಂಬ ಹರಳೆಣ್ಣೆ ತಂದ. ಡಬ್ಬಿ ಸೋರುತ್ತಿತ್ತೆಂದು ಮನೆಯಲ್ಲಿದ್ದ ಇನ್ನೊಂದು ಹಸಿರು ವೈನ್ ಬಾಟಲಿಗೆ ಸುರಿದು, ಕಪಾಟಿನಲ್ಲಿ ಅಜ್ಜಿಯ ಬಾಟಲಿಯ ಪಕ್ಕದಲ್ಲೇ ಇಟ್ಟ.

"ಒಂದು ಚೀಟಿ ಅಂಟಿಸೋ," ಎಂದಳು ಮಿರ್ಸಿನಿ. "ಎರಡೂ ಒಂದೇ ಥರ ಕಾಣ್ತಿವೆ."

"ನಾನು ವಿಜ್ಞಾನಿ ಕಣೇ ಅಕ್ಕಾ, ಕಿರಾಣಿ ಅಂಗಡಿಯವನಲ್ಲ! ಬಲಗಡೆದು ಹರಳೆಣ್ಣೆ. ಮುಗೀತು."

ಮರುದಿನ ಆ ಕಪಾಟು ಒರೆಸಿದವರು ಯಾರು, ಯಾವ ಬಾಟಲಿಯನ್ನು ಎಲ್ಲಿಟ್ಟರು ಎಂದು ಆ ಮನೆಯಲ್ಲಿ ಇವತ್ತಿಗೂ ಯಾರೂ ಬಾಯಿಬಿಟ್ಟಿಲ್ಲ. ಸ್ತ್ರಾತಿಸ್ ಮಾತ್ರ ಬಲಗಡೆಯ ಬಾಟಲಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋದ.

ಬಾಟಲಿ ಪೂರ್ತಿ ಬರಿದಾಗಿ ಕೊಳವೆ ತುಂಬಿತು. ಗುಂಡು ಬಿಟ್ಟ. ಪುಸ್ತಕದ ಪ್ರಕಾರ ಅದು ಮದುಮಗಳ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಇಳಿಯಬೇಕಿತ್ತು. ಇದೋ, ಬಸ್ಸು ತಪ್ಪಿದವರ ಹಾಗೆ ಓಡಿಹೋಗಿ ತಳಕ್ಕೆ ಟಣ್ ಎಂದಿತು! ಮತ್ತೆ ಬಿಟ್ಟ. ಮತ್ತೆ ಟಣ್! ಗಡಿಯಾರ ಕೆಟ್ಟಿದೆ ಎಂದುಕೊಂಡ. ಎಣ್ಣೆ ಕೊಂಚ ಹಸಿರಾಗಿ ಕಂಡಾಗ ಕಿಟಕಿಯಾಚೆಯ ಮರದ ಛಾಯೆ ಎಂದುಕೊಂಡ. ಆಲಿವ್ ಘಮ ಬಂದಾಗ ಯಾರೋ ಊಟದ ಡಬ್ಬಿ ತೆರೆದಿರಬೇಕು ಎಂದುಕೊಂಡ. ಕೊನೆಗೆ ಪುಸ್ತಕ ತೆರೆದು, ಹರಳೆಣ್ಣೆಗೆ ಬರಬೇಕಾದ ಉತ್ತರ ನೋಡಿ, ತನ್ನ ಅಂಕಿಗಳನ್ನೆಲ್ಲ ಅದಕ್ಕೆ ತಕ್ಕಂತೆ ತಿದ್ದಿದ.

"ಹೇಗೆ ಬಂತಪ್ಪಾ?" ಎಂದರು ಮೇಡಂ.

"ಪುಸ್ತಕದಲ್ಲಿ ಇರೋ ಹಾಗೇ ಮೇಡಂ!"

'ಅತ್ಯುತ್ತಮ' ಎಂದು ಬರೆದುಕೊಟ್ಟರು. ಅವನು ಸಿಳ್ಳೆ ಹಾಕುತ್ತ ಕೊಳವೆಯನ್ನು ಕಸದೆಣ್ಣೆಯ ಡಬ್ಬಕ್ಕೆ ಬಗ್ಗಿಸಿದ. ಅಜ್ಜಿಯ ಮರ ಗಟಗಟನೆ ಇಳಿದುಹೋಯಿತು.

ಭಾನುವಾರ ಚರ್ಚಿನಲ್ಲಿ ಹೊಸ ಸೂಟು ತೊಟ್ಟ ಸ್ತ್ರಾತಿಸ್ ಎದೆಯುಬ್ಬಿಸಿ ಬಾಟಲಿ ಒಪ್ಪಿಸಿದ. ಪಾದ್ರಿ ಇಗ್ನಾತಿಸ್ ಅದನ್ನು ನೀರಿನ ಕೊಪ್ಪರಿಗೆಯ ಮೇಲೆ ಶಿಲುಬೆಯಾಕಾರದಲ್ಲಿ ಸುರಿಯಲು ಬಗ್ಗಿಸಿದರು. ಎಣ್ಣೆ ಬರಲಿಲ್ಲ. ಇನ್ನಷ್ಟು ಬಗ್ಗಿಸಿದರು. ಕೊನೆಗೆ ಒಂದು ದಪ್ಪ ಎಳೆ, ಬರಲೋ ಬೇಡವೋ ಎನ್ನುತ್ತ ಇಳಿಯಿತು.

"ಏನಪ್ಪಾ, ನಿಮ್ಮ ಎಣ್ಣೆಗೆ ಇನ್ನೂ ನಿದ್ದೆ ಬಿಟ್ಟಿಲ್ವಾ?"

"ಹಳೇ ಮರದ್ದು ಫಾದರ್, ಗಟ್ಟಿ ಇರುತ್ತೆ!" ಎಂದ ವಿಜ್ಞಾನಿ, ಕೂಸಿನ ಮೈಗೆ ಎರಡೂ ಕೈಯಿಂದ ಸವರುತ್ತ. ಕೈ ಕೂಸಿಗೆ ಅಂಟಿತು, ಕೂಸು ಕೈಗೆ ಅಂಟಿತು. ಕೂಸು ತನ್ನ ಮುಷ್ಟಿಯನ್ನು ಬಾಯಿಗಿಟ್ಟು ಚೀಪಿ, ಚರ್ಚಿನ ಸೂರು ಹಾರುವಂತೆ ಕಿರುಚಿತು.

ಅಜ್ಜಿ ಮುಂದೆ ಬಂದಳು. ಬೆರಳದ್ದಿ ನಾಲಗೆಗೆ ಹಚ್ಚಿಕೊಂಡಳು. ಮುಖ ನಿಜವಾಗಿಯೂ ಹರಳೆಣ್ಣೆ ಕುಡಿದವರ ಮುಖವಾಯಿತು.

"ಇದು ನನ್ನ ಮರ ಅಲ್ಲ," ಎಂದಳು.

ಪಾದ್ರಿ ದೀಪದ ಎಣ್ಣೆ ತರಿಸಿ ಹೇಗೋ ಶಾಸ್ತ್ರ ಮುಗಿಸಿದರು. ಆದರೆ ಪವಿತ್ರವಾದ ಮೈಯನ್ನು ಮೂರು ದಿನ ತೊಳೆಯುವ ಹಾಗಿಲ್ಲವಲ್ಲ! ಊಟದ ಹೊತ್ತಿಗೆ ಕೂಸಿನ ಬಿಳಿ ಲೇಸಿನ ಉಡುಪಿಗೆ ನೆಂಟರ ಬಾದಾಮಿ ಮಿಠಾಯಿ, ಚಿಕ್ಕಮ್ಮನ ಕೈಗವಸು, ಯಾರದೋ ಕರವಸ್ತ್ರ ಎಲ್ಲ ಅಂಟಿಕೊಂಡಿದ್ದವು. ಸಂಜೆಯಾಗುತ್ತಲೇ ಹರಳೆಣ್ಣೆ ಹೊಟ್ಟೆಯಲ್ಲೂ ತನ್ನ ಕೆಲಸ ಶುರು ಮಾಡಿತು. ಆಗ ಕೂಸಿದ್ದದ್ದು ಜ್ಞಾನಪಿತನ ಮಡಿಲಲ್ಲಿ.

"ಚೀಟಿ ಅಂಟಿಸು ಅಂದಿದ್ನಲ್ಲೋ!" ಎಂದು ಮಿರ್ಸಿನಿ ಕೂಸನ್ನು ಕಿತ್ತುಕೊಂಡು ಒಳಗೆ ಹೋದಳು. ಕೂಸು ಬಂತು, ಸೂಟಿನ ಗುಂಡಿಯೊಂದೂ ಜೊತೆಗೆ ಬಂತು.

ನೆಂಟರು ನಕ್ಕೂ ನಕ್ಕೂ ಸುಸ್ತಾಗಿ ಹೊರಟುಹೋದರು. ಅಜ್ಜಿಯೊಬ್ಬಳು ನಗಲಿಲ್ಲ. ಹಿತ್ತಲಲ್ಲಿ, ಮರ ಇದ್ದ ಗುಂಡಿಯ ಅಂಚಿನಲ್ಲಿ ಕುಳಿತಿದ್ದಳು. ಸ್ತ್ರಾತಿಸ್ ಅಜ್ಜನ ಹಳೇ ಪೈಜಾಮ ಹಾಕಿಕೊಂಡು ಹೋಗಿ ಪಕ್ಕದಲ್ಲಿ ಕುಳಿತ.

"ಎಣ್ಣೆ ಎಲ್ಲೋ?"

"ಚೆಲ್ಲಿಬಿಟ್ಟೆ ಅಜ್ಜಿ. ಒಂದು ತೊಟ್ಟೂ ಉಳಿದಿಲ್ಲ."

ಅವಳು ಒಂದು ಹಿಡಿ ಮಣ್ಣು ತೆಗೆದು ಗುಂಡಿಯೊಳಗೆ ಉದುರಿಸಿದಳು. ಬೈದಿದ್ದರೆ ವಾಸಿಯಿತ್ತು.

"ಅಲ್ಲ ಕಣೋ, ಅಷ್ಟು ದೊಡ್ಡ ಕಾಲೇಜಲ್ಲಿ ಇದು ಹರಳೆಣ್ಣೆ ಅಲ್ಲ ಅಂತ ನಿನಗೆ ಯಾರೂ ಹೇಳಲಿಲ್ವಾ?"

"ಹೇಳ್ತು ಅಜ್ಜಿ. ಗುಂಡು ಹೇಳ್ತು. ಬಿಟ್ಟಾಗಲೆಲ್ಲ ಹೇಳ್ತು. ನಾನೇ ಅದನ್ನ ಸುಳ್ಳು ಮಾಡಿ, ಪುಸ್ತಕದಲ್ಲಿ ಇದ್ದದ್ದನ್ನ ಬರೆದುಬಿಟ್ಟೆ."

ಅಜ್ಜಿ ತನ್ನ ಕಪ್ಪು ಉಡುಪಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಅವನ ತಲೆಯ ಮೇಲೊಂದು ಮೊಟಕಿದಳು.

"ಹಾಗಾದ್ರೆ ತಪ್ಪು ನಮ್ಮದೇ ಬಿಡು. ಕೂಸಿಗೆ ಆ ಗುಂಡನ್ನೇ ಜ್ಞಾನಪಿತ ಮಾಡಬೇಕಿತ್ತು!"